ಅಳಿಯನ ರೇಟು

೨ ಜೂನ್ ೨೦೨೫, ನಾಶಿಕ

ಇವತ್ತು ಮಹಿಬೂಬನನ್ನು ಮತ್ತೆ ಸೋಲಿಸಿದೆ. ನಾನು ಪಂಚವಟಿಯಲ್ಲಿ ಕಂಪನಿ ಬಸ್ಸು ಹತ್ತಿ ಅವನಿಗೆ ಕಿಟಕಿ ಸೀಟು ಹಿಡಿದಿರುತ್ತೇನೆ, ಅವನು ದ್ವಾರಕಾ ಸರ್ಕಲ್ಲಿನಲ್ಲಿ ಹತ್ತುತ್ತಾನೆ. ಕೂತ ಕೂಡಲೇ ಒಂದೇ ಪ್ರಶ್ನೆ: "ಅಣ್ಣಾರ, ಮೆಂತ್ಯೆ ಎಷ್ಟಕ್ ತಂದ್ರಿ?" ಯಾರು ಹೆಚ್ಚು ಕೊಟ್ಟು ತಂದಿರುತ್ತಾರೋ ಅವರು ಸೋತಂತೆ, ಹತ್ತು ಗಂಟೆಯ ಚಹಾ ಅವರದು. ಇವತ್ತು ಅವನು ಒಂದು ಸೂಡು ಸೊಪ್ಪಿಗೆ ಹದಿನೈದು ಕೊಟ್ಟಿದ್ದ. ನಾನು ಗಂಗೆಯ (ಇಲ್ಲಿ ಗೋದಾವರಿಗೆ ಹಾಗೇ ಅನ್ನುತ್ತಾರೆ) ದಂಡೆಯ ಬಜಾರಿನಲ್ಲಿ ಒಬ್ಬ ಮುದುಕಿಯ ಹತ್ತಿರ ಹತ್ತಕ್ಕೆ ತಂದಿದ್ದೆ, ಮೇಲೆ ನಾಲ್ಕು ಕಡ್ಡಿ ಕೊತ್ತಂಬರಿ ಪುಕ್ಕಟೆ.

"ಯಾವ ತಾಯಿ ಹಡದಾಳ್ರಿ ನಿಮಗ! ಆ ಮುದುಕಿ ಇವತ್ತ ನಿಮ್ಮ ಹೆಸರಲೇ ಉಪಾಸ ಮಲಗ್ತಾಳ ನೋಡ್ರಿ" ಅಂದ.

ಬಸ್ಸಿನ ಮರಾಠಿ ಮಂದಿ ನಾವಿಬ್ಬರೂ ದಿನಾ ಜಗಳ ಆಡುತ್ತೇವೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ನಾನು ಭಾಲ್ಕಿಯವ, ಅವನು ಹುಮನಾಬಾದಿನವ. ನಮ್ಮ ಕಡೆಯ ಕನ್ನಡದಲ್ಲಿ ಪ್ರೀತಿ ತೋರಿಸಿದರೂ ಹೊಡೆದಾಟದಂತೆಯೇ ಕೇಳಿಸುತ್ತದೆ. ಅವನು ಪ್ಯಾಕಿಂಗ್ ಸೆಕ್ಷನ್ನು, ನಾನು ಅಕೌಂಟ್ಸು. ಬಂದ ಹೊಸದರಲ್ಲಿ ಈ ಊರಲ್ಲಿ ನನ್ನ ಜೊತೆ ಕನ್ನಡ ಮಾತಾಡಿದವನು ಅವನೊಬ್ಬನೇ.

ನನಗೆ ಟೋಪಿ ಹಾಕುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

೯ ಜೂನ್

ಅಭಿಜಿತ್ ಸಾಹೇಬರು ಚೇಂಬರಿಗೆ ಕರೆಸಿದರು. ನಮ್ಮ ಎಚ್‌ಆರ್ ಮುಖ್ಯಸ್ಥರು, ವಯಸ್ಸಿನಲ್ಲಿ ನನ್ನ ಅರ್ಧಕ್ಕಿಂತ ಸ್ವಲ್ಪ ಮೇಲೆ. ಕೂಡ್ರಿಸಿ, ಕಾಫಿ ತರಿಸಿ ಸುದ್ದಿ ಹೇಳಿದರು. ದೀಪಾವಳಿ ಆದ ಮೇಲೆ ನಮ್ಮ ಕಾರ್ಖಾನೆ ಇಲ್ಲಿನ ಅಂಬಡದಿಂದ ಸಂಭಾಜಿನಗರದ ಶೇಂದ್ರಾಕ್ಕೆ ಹೋಗುತ್ತದೆ. ಅಕೌಂಟ್ಸ್ ಮಾತ್ರ ನಾಶಿಕದಲ್ಲೇ ಉಳಿಯುತ್ತದೆ. ಹೋಗುವ ಕೆಲಸಗಾರರಿಗೆ ಆ ಊರಿನಲ್ಲಿ ಮನೆ ನಡೆಸಲು ಎಷ್ಟು ಬೇಕಾಗುತ್ತದೆ, ನಾಶಿಕಕ್ಕಿಂತ ಹೆಚ್ಚೋ ಕಡಿಮೆಯೋ, ಎರಡು ಊರಿನ ಬೆಲೆ ಪಕ್ಕಪಕ್ಕ ಇಟ್ಟು ಒಂದು ತಖ್ತೆ ಮಾಡಿಕೊಡಬೇಕಂತೆ.

"ಇಂಟರ್‌ನೆಟ್ಟಿನ ಅಂಕಿ ನನಗೆ ಬೇಡ, ವೈಜನಾಥ್‌ಜಿ. ನೀವು ಸ್ವತಃ ಬಜಾರಿನಲ್ಲಿ ಓಡಾಡಿ ತಂದ ಬೆಲೆ ಬೇಕು. ನಿಮ್ಮ ಸಂಬಂಧಿಕರು ಅಲ್ಲಿದ್ದಾರಲ್ಲವೇ?"

ಇದ್ದಾರೆ ಅಂದೆ. ನನ್ನ ಹೆಂಡತಿ ಸುಶೀಲಾಳ ತಮ್ಮ ಅಮರ ಅಲ್ಲಿ ಪುಂಡಲೀಕನಗರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಸಾಹೇಬರ ಮುಖ ಅರಳಿತು. ಇಷ್ಟು ಮಂದಿಯಲ್ಲಿ ನನ್ನನ್ನೇ ಆರಿಸಿದ್ದಾರೆ ಎಂದರೆ ಸುಮ್ಮನೆಯೇ? ಮನೆಗೆ ಬಂದು ಹೇಳಿದರೆ ಸುಶೀಲಾ ಕೇಳಿದ್ದು ಒಂದೇ ಮಾತು.

"ಅಮರನ ಮನ್ಯಾಗ ಇಳಿಯೋರು ಹೌದಲ್ಲೋ? ಲಾಡ್ಜಿನ್ಯಾಗ ಇದ್ರ ಅಂವ ಜಲ್ಮದಾಗ ನಮ್ಮ ಕೂಡ ಮಾತಾಡಂಗಿಲ್ಲ ನೋಡ್ರಿ."

೧೪ ಜೂನ್, ಸಂಭಾಜಿನಗರ

ಅಮರ ಬಸ್‌ಸ್ಟ್ಯಾಂಡಿಗೇ ಬಂದು ಚೀಲ ಕಿತ್ತುಕೊಂಡ. ಮನೆಯ ಬಾಗಿಲಲ್ಲಿ ಕಾಲಿಗೆ ನೀರು. ಒಳಗೆ ಹೋಳಿಗೆ, ತಟ್ಟೆಯ ಪಕ್ಕದಲ್ಲೇ ತುಪ್ಪದ ತಂಬಿಗೆ. ನಮ್ಮ ಕಡೆ ಅಳಿಯ ಬಂದರೆ ಸಾಲ ಮಾಡಿಯಾದರೂ ತುಪ್ಪ ಸುರಿಯಬೇಕು. ಮಾವನವರು ತೀರಿಕೊಂಡ ಮೇಲೂ ಅಮರ ಆ ಪದ್ಧತಿಯಲ್ಲಿ ಒಂದು ಗುಂಜಿ ಕಡಿಮೆ ಮಾಡಿಲ್ಲ.

ಸ್ನಾನಕ್ಕೆ ಎರಡು ಬಕೆಟ್ ಬಿಸಿನೀರು ಇಟ್ಟಿದ್ದರು. ಈ ಊರಲ್ಲಿ ನಳಕ್ಕೆ ವಾರಕ್ಕೊಮ್ಮೆ ನೀರು ಎಂದು ನಾಶಿಕದಲ್ಲಿ ಕೇಳಿದ್ದೆ. ಅಮರನಿಗೆ ಕೇಳಿದರೆ ನಕ್ಕುಬಿಟ್ಟ.

"ಮಂದಿ ಬಾಯಿಗೇನ್ರಿ ಭಾವಾರ, ಏನರ ಅಂತಾರ. ನೀರಿಂದೇನೂ ತಕ್ಲೀಪಿಲ್ಲ. ನೋಡ್ರಿ, ಟಾಕಿ ತುಂಬಿ ಹರೀಲತ್ತದ."

ಖರೆ, ಮಾಳಿಗೆಯ ಮೇಲಿನ ಟಾಕಿ ತುಂಬಿ ಗೋಡೆಗುಂಟ ನೀರು ಇಳಿಯುತ್ತಿತ್ತು. ಕಣ್ಣಾರೆ ಕಂಡದ್ದನ್ನು ನಂಬದೆ ಇನ್ನೇನನ್ನು ನಂಬಲಿ? ನೀರಿನ ಖರ್ಚಿನ ಮುಂದೆ ಸೊನ್ನೆ ಬರೆದೆ.

೧೫ ಜೂನ್, ಸಂಭಾಜಿನಗರ

ಇಡೀ ದಿನ ಅಮರನ ಸ್ಕೂಟರಿನ ಹಿಂದೆ ಕೂತು ತಿರುಗಿದೆ. ಹಾಲು, ಜೋಳ, ಎಣ್ಣೆ, ಕಾಯಿಪಲ್ಯ, ಕ್ಷೌರ, ಡಾಕ್ಟರ ಫೀಸು, ಏನನ್ನೂ ಬಿಡಲಿಲ್ಲ. ಎಲ್ಲ ಕಡೆ ಅಮರ ಮುಂದೆ ನುಗ್ಗುತ್ತಾನೆ. ನಾನು ಸ್ಕೂಟರಿನಿಂದ ಇಳಿದು ಧೋತರ ಸರಿಮಾಡಿಕೊಳ್ಳುವಷ್ಟರಲ್ಲಿ ಅಂಗಡಿಯವನ ಜೊತೆ ಅವನ ರಾಮ್ ರಾಮ್ ಮುಗಿದಿರುತ್ತದೆ. ಉತ್ಸಾಹಿ ಹುಡುಗ.

ಈ ಊರು ಇಷ್ಟು ಸಸ್ತಾ ಇದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಮೆಂತ್ಯೆ ಸೂಡು ಹತ್ತು ರೂಪಾಯಿ, ಅದೂ ನಾನು ಬಾಯಿ ತೆಗೆಯುವ ಮೊದಲೇ! ಚೌಕಾಸಿ ಮಾಡಲು ಅವಕಾಶವೇ ಸಿಗದೆ ನಾಲಿಗೆ ತುರಿಸತೊಡಗಿತು. ಗಂಗಾಪುರದ ರೈತರ ಜೋಳ ಅಮರನ ಅಂಗಡಿಗೇ ನೇರ ಬರುತ್ತದಂತೆ, ನಾಶಿಕದ ಮುಕ್ಕಾಲು ಬೆಲೆ. ಸಂಜೆ ಪುಂಡಲೀಕನಗರದಲ್ಲೇ ಉದಗೀರ ಕಡೆಯ ಒಬ್ಬ ಮುದುಕರ ಖಾಲಿ ಮನೆ ನೋಡಿದೆವು. ಎರಡು ಕೋಣೆ, ಅಡುಗೆಮನೆ, ಬಾಡಿಗೆ ಏಳು ಸಾವಿರ. ಅಂಥದೇ ಮನೆಗೆ ನಾನು ಪಂಚವಟಿಯಲ್ಲಿ ಹನ್ನೊಂದು ಕೊಡುತ್ತೇನೆ. ಇನ್ನು ಕುಂಭಮೇಳ ಹತ್ತಿರ ಬಂತು ಎಂದು ಮಾಲೀಕ ಬಾಡಿಗೆ ಏರಿಸಲು ಈಗಲೇ ಚೂರಿ ಮಸೆಯುತ್ತಿದ್ದಾನೆ.

ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರೆ ಅಮರ ನೋಡಿ ನಗುತ್ತಿದ್ದ. "ಬರಕೋರಿ, ಬರಕೋರಿ. ಅಕ್ಕಗ ಓದಿ ಹೇಳ್ರಿ" ಅಂದ.

೧೭ ಜೂನ್, ನಾಶಿಕ

ತಖ್ತೆ ಕೊಟ್ಟೆ. ಸಂಭಾಜಿನಗರ ನಾಶಿಕಕ್ಕಿಂತ ನೂರಕ್ಕೆ ಇಪ್ಪತ್ತೆರಡು ಸಸ್ತಾ. ಅಭಿಜಿತ್ ಸಾಹೇಬರು ಎದ್ದು ನಿಂತು ಕೈ ಕುಲುಕಿದರು.

ಬಸ್ಸಿನಲ್ಲಿ ಮಹಿಬೂಬನಿಗೆ ಹೇಳಿದೆ. ಕಣ್ಣು ಇಷ್ಟಗಲ ಮಾಡಿದ. "ಬಾಡಿಗಿ ಏಳು ಸಾವಿರ? ಹಂಗಾರ ನಾ ನಾಳೇನೇ ಹೋಗ್ತೀನಿ ನಡೀರಿ. ಉಳಿದ ರೊಕ್ಕದಾಗ ಮಗಳ ನರ್ಸಿಂಗ್ ಫೀಸ್ ಹೋಗ್ತದ." ಅವನು ಹೋಗುವವರ ಪೈಕಿ, ನಾನು ಉಳಿಯುವವರ ಪೈಕಿ. ಇನ್ನು ಕಿಟಕಿ ಸೀಟು ಯಾರಿಗೆ ಹಿಡಿಯಬೇಕು ಎಂದು ನನಗೆ ಯೋಚನೆಯಾಯಿತು. ಅವನಿಗೆ ಹೇಳಲಿಲ್ಲ.

೧೮ ಜುಲೈ

ಕ್ಯಾಂಟೀನಿನಲ್ಲಿ ಎಲ್ಲರೆದುರು ನನಗೆ ಶಾಲು, ತೆಂಗಿನಕಾಯಿ, ಒಂದು ಪ್ರೆಶರ್ ಕುಕ್ಕರು. "ವೈಜನಾಥ್‌ಜಿ ಬಿಸಿಲಲ್ಲಿ ಬೀದಿ ಬೀದಿ ಅಲೆದು ನಿಮಗೋಸ್ಕರ ಈ ಕೆಲಸ ಮಾಡಿದ್ದಾರೆ" ಎಂದರು ಅಭಿಜಿತ್ ಸಾಹೇಬರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮಹಿಬೂಬ. ಸುಶೀಲಾ ಆ ಕುಕ್ಕರಿನಲ್ಲೇ ಸಂಜೆ ತೊಗರಿಬೇಳೆ ಬೇಯಿಸಿದಳು.

೨೧ ಜುಲೈ

ನೋಟಿಸು ಬಂತು. ಶೇಂದ್ರಾಕ್ಕೆ ಹೋಗುವವರ ನಗರ ಭತ್ಯೆಯನ್ನು "ಅಲ್ಲಿನ ಜೀವನ ವೆಚ್ಚಕ್ಕೆ ಹೊಂದಿಸಲಾಗುವುದು". ಸಂಬಳ ಕಡಿತ ಅಲ್ಲವಂತೆ, ಹೊಂದಾಣಿಕೆಯಂತೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಮಹಿಬೂಬನಂಥವರಿಗೆ ತಿಂಗಳಿಗೆ ಐದು ಸಾವಿರದವರೆಗೆ ಹೋಗುತ್ತದೆ. ಒಪ್ಪದವರು ಸೆಪ್ಟೆಂಬರ್ ಕೊನೆಗೆ ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಬಹುದು. ಕೆಳಗೆ ಸಣ್ಣ ಅಕ್ಷರದಲ್ಲಿ: ಆಧಾರ, ಶ್ರೀ ವೈಜನಾಥ ಅವರ ಸಮೀಕ್ಷೆ.

ನನ್ನ ಹೆಸರು ಹಾಕುವ ಅಗತ್ಯ ಏನಿತ್ತು? ಸಂಬಳ ಕಡಿಮೆ ಮಾಡಿ ಎಂದು ನಾನೇನಾದರೂ ಬರೆದೆನೇ? ಮೆಂತ್ಯೆಯ ಬೆಲೆ ಬರೆದೆ. ಬೆಲೆ ಕಡಿಮೆ ಇದ್ದರೆ ಕಡಿಮೆ ಎಂದೇ ಬರೆಯಬೇಕು. ಈ ಮಂದಿಗೆ ಲೆಕ್ಕ ಅಂದರೆ ಏನು ಅಂತಲೇ ತಿಳಿಯುವುದಿಲ್ಲ.

೨೨ ಜುಲೈ

ಕಿಟಕಿ ಸೀಟು ಹಿಡಿದಿದ್ದೆ. ಮಹಿಬೂಬ ಹಿಂದೆ ಹೋಗಿ ಕೂತ.

೪ ಆಗಸ್ಟ್

ಇವತ್ತು ಶ್ರಾವಣ ಸೋಮವಾರ, ಊರೆಲ್ಲ ತ್ರ್ಯಂಬಕದ ದಾರಿ ಹಿಡಿದಿತ್ತು. ನಾನೂ ಉಪವಾಸ. ಚಹಾದ ಹೊತ್ತಿಗೆ ಕ್ಯಾಂಟೀನಿಗೆ ಹೋದರೆ ಯಾವನೋ "ಹತ್ತು ರೂಪಾಯಿ ಮೆಂತ್ಯೆ ಬಂತು" ಅಂದ, ಒಂದು ಟೇಬಲ್ ತುಂಬ ನಗು. ನಗಲಿ. ಕುರುಡನಿಗೆ ಕನ್ನಡಿ ತೋರಿಸಿದವನು ನಾನೇ ಮೂರ್ಖ.

ನಾನು ಇಲ್ಲಿಯೇ ಇರುವವನು, ಇವರ ಸಿಟ್ಟು ನನಗೇನು ಮಾಡೀತು?

೧೧ ಆಗಸ್ಟ್

ಮಹಿಬೂಬ ಮೂರು ದಿನ ರಜೆ ಹಾಕಿ ಸಂಭಾಜಿನಗರಕ್ಕೆ ಮನೆ ಹುಡುಕಲು ಹೋಗಿದ್ದ. ಮಧ್ಯಾಹ್ನ ನನ್ನ ಟೇಬಲ್ಲಿನ ಮುಂದೆ ಬಂದು ನಿಂತ. ಕೂಡು ಎಂದರೆ ಕೂಡಲಿಲ್ಲ.

"ಸಾಹೇಬ್ರ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಬರ್ದೀರಲ್ಲ, ಏಳು ಸಾವಿರದ ಮನಿ, ಅದು ಎಲ್ಲಿ ಅದರಿ?"

ಸಾಹೇಬ್ರ! ಇಷ್ಟು ವರ್ಷ ಅಣ್ಣಾರ ಎನ್ನುತ್ತಿದ್ದವನು. ಆದರೂ ಸಮಾಧಾನದಿಂದ ಹೇಳಿದೆ, ಪುಂಡಲೀಕನಗರದಲ್ಲಿದೆ, ಹುಡುಕಿದರೆ ಸಿಗುತ್ತದೆ ಎಂದು.

"ಹುಡುಕೀನ್ರಿ. ಮನಿ ಖಾಲಿ ಅದಾ ಅಂತಾರ. ಹೆಸರು ಕೇಳ್ತಾರ. ಹೇಳಿದ ಮ್ಯಾಲ, ನಿನ್ನೇನೇ ಒಬ್ರು ಅಡ್ವಾನ್ಸ್ ಕೊಟ್ಟಾರ ಅಂತಾರ. ನಮ್ಮ ಮಂದಿ ಇರೋ ಕಡಿ ಮನಿ ಅದಾವು. ಅಲ್ಲಿ ಬಾಡಿಗಿ ನಾಶಿಕದಷ್ಟೇ, ಮ್ಯಾಲ ನೀರಿನ ಟ್ಯಾಂಕರಿಂದು ಬ್ಯಾರೆ. ನೀವು ಬರ್ದ ರೇಟು ನನಗ ಎಲ್ಲೂ ಸಿಗಲಿಲ್ರಿ. ಅದಕ್ಕ, ಆ ಒಂದ್ ಮನಿ ತೋರಸ್ರಿ. ಅಷ್ಟ್ ಸಾಕು."

ಇವನಿಗೆ ಹುಡುಕಲು ಬರುವುದಿಲ್ಲ ಎಂದು ರೇಗಿತು. ಅವನೆದುರೇ ಉದಗೀರದ ಆ ಮಾಲೀಕರಿಗೆ ಫೋನ್ ಹಚ್ಚಿದೆ. ನಮ್ಮ ಗೆಳೆಯರೊಬ್ಬರಿಗೆ ಮನೆ ಬೇಕು, ಬಾಡಿಗೆ ಅವತ್ತು ನೀವು ಹೇಳಿದ್ದೇ ಅಲ್ಲವೇ ಎಂದೆ. ಮುದುಕರಿಗೆ ಕಿವಿ ಮಂದ, ಅದಕ್ಕೆ ದನಿ ದೊಡ್ಡದು. ಅವರು ಹೇಳಿದ್ದು ನನ್ನ ಟೇಬಲ್ಲಿನ ಆಚೆಗೂ ಕೇಳಿಸಿತು.

"ಏ, ಅದು ಅಮರನ ಮನಿ ಅಳಿಯಂದ್ರು ಅಂತ ನಿಮಗ ಏಳು ಹೇಳಿದ್ದೆರಿ. ಅಮರ ಹಂಗ ಹೇಳ್ರಿ ಅಂದಿದ್ದ. ಬ್ಯಾರೆದವರಿಗೆ ಹತ್ತೂವರಿ. ಯಾರವರು, ನಮ್ಮವರೇನು?"

ಮಹಿಬೂಬ ಉತ್ತರಕ್ಕೆ ಕಾಯಲಿಲ್ಲ. "ಇರ್ಲಿ ಬಿಡ್ರಿ ಸಾಹೇಬ್ರ" ಎಂದು ಹೊರಟುಹೋದ. ಫೋನಿನಲ್ಲಿ ಮುದುಕರು ಹಲೋ ಹಲೋ ಎನ್ನುತ್ತಲೇ ಇದ್ದರು.

೧೨ ಆಗಸ್ಟ್

ಬೆಳಿಗ್ಗೆ ಅಮರನಿಗೆ ಫೋನ್ ಮಾಡಿದೆ.

"ಖರೇ ಹೇಳು ಅಮರಾ. ಅವತ್ತ ಮೆಂತ್ಯೆ ಸೂಡು ಎಷ್ಟಿತ್ತು?"

"ಯಾವ ಮೆಂತ್ಯೆ ರೀ? ಜೂನದಾ?" ನಗತೊಡಗಿದ. "ಇಪ್ಪತ್ತೋ ಏನೋ ಇತ್ತು. ನಿಮಗ ಹತ್ತು ಹೇಳು ಅಂತ ಅಂವಗ ಮೊದಲೇ ಹೇಳಿದ್ದೆ. ಉಳಿದದ್ದು ಆಮ್ಯಾಲ ನಾ ಕೊಟ್ಟೆ."

"ಹಾಲು? ಜ್ವಾಳ?"

"ಎಲ್ಲಾ ಹಂಗೇ ರೀ ಭಾವಾರ. ಅಳಿಯಂದ್ರು ಒಂದ್ ದಿನ ನಮ್ಮ ಊರಿನ ಬಜಾರ ನೋಡ್ಲಿಕ್ಕೆ ಬಂದೀರಿ. ನಿಮಗ ಪೂರಾ ರೇಟ್ ಹೇಳಿದ್ರ ನಮ್ಮ ಮನಿ ಮಾನ ಏನ್ ಉಳೀತದ? ಅಕ್ಕಗ ನಾ ಯಾವ ಮಾರಿ ತೋರ್ಸಲಿ?"

"ನಾ ಕಂಪನಿ ಕೆಲಸಕ್ಕ ಬರಕೊಳ್ಳಿಕ್ಕೆ ಬಂದಿದ್ದೆ ಮಾರಾಯಾ!"

"ಬರಕೋತೀರಂದ್ರ ಮನಿಗಿ ಅಂತ ತಿಳ್ಕೊಂಡೆ ರೀ. ನೀವು ಇಲ್ಲೇ ಬಂದು ಇರೋದು ನೋಡ್ಲತ್ತೀರಿ ಅಂತ ನಾ ಖುಷಿ ಆಗಿದ್ದೆ."

ಮಾಳಿಗೆಯ ಟಾಕಿಯನ್ನೂ ಕೇಳಿದೆ. ನಾನು ಬರುವ ಹಿಂದಿನ ದಿನ ಟ್ಯಾಂಕರ್ ತರಿಸಿ ತುಂಬಿಸಿದ್ದನಂತೆ. ಅವನಿಗೆ ಬಯ್ಯಬೇಕೆಂದು ಬಾಯಿ ತೆಗೆದೆ. ಮರ್ಯಾದೆ ಕೊಟ್ಟವನಿಗೆ ಏನೆಂದು ಬಯ್ಯುವುದು? ಸಂತೆ ಸಂತೆ ತಿರುಗಿದ ನಾನು ಮೆಂತ್ಯೆ ಸೂಡಿನಲ್ಲಿ ಮೋಸ ಹೋದೆ, ಅದೂ ಕಡಿಮೆ ರೊಕ್ಕ ಕೊಟ್ಟು.

ನಾಳೆ ಅಭಿಜಿತ್ ಸಾಹೇಬರಿಗೆ ಹೇಳಿಬಿಡುತ್ತೇನೆ. ತಖ್ತೆ ತಪ್ಪಾಗಿದೆ, ವಾಪಸು ತೆಗೆದುಕೊಳ್ಳಿ ಎಂದು.

೧೩ ಆಗಸ್ಟ್

ಸಾಹೇಬರು ಪುಣೆಯಲ್ಲಿದ್ದಾರೆ. ನಾಳೆ.

೧೪ ಆಗಸ್ಟ್

ಬಂದಿದ್ದರು. ಚೇಂಬರಿನಲ್ಲಿ ಬೇರೆಯವರಿದ್ದರು.

೧೮ ಆಗಸ್ಟ್

ಹೇಳಿದರೆ ಏನನ್ನುತ್ತಾರೆ? ಸುಳ್ಳು ವರದಿ ಕೊಟ್ಟೆ ಎಂದು ನನ್ನ ಮೇಲೇ ಕಾಗದ ಮಾಡಿದರೆ? ನಿವೃತ್ತಿಗೆ ಇನ್ನೂ ಐದು ವರ್ಷವಿದೆ, ಪುಣೆಯಲ್ಲಿ ಓದುತ್ತಿರುವ ಮಗಳು ಜಯಮಾಲಾಳ ಹಾಸ್ಟೆಲ್ ಇದೆ. ಅಲ್ಲದೆ ಉಳಿದ ಮಂದಿ ತಾವೇ ಹೋಗಿ ನೋಡಿ ಬರಬಹುದಿತ್ತಲ್ಲ? ಎಲ್ಲರ ಭಾರ ನಾನೊಬ್ಬನೇ ಯಾಕೆ ಹೊರಬೇಕು? ಸುಶೀಲಾ ಎರಡು ಸಲ ಕೇಳಿದಳು, ಸಾಹೇಬ್ರಿಗೆ ಹೇಳಿದ್ರೇನು ಎಂದು. ಅವಳ ಮೇಲೆ ಕೂಗಾಡಿದೆ. ರೊಟ್ಟಿ ತಟ್ಟುವುದನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದಳು.

೧ ಸೆಪ್ಟೆಂಬರ್

ಕಡೆಗೂ ಹೇಳಿದೆ. ಒಂದೇ ಉಸಿರಿನಲ್ಲಿ, ನಿಂತುಕೊಂಡೇ. ಅಳಿಯನೆಂದು ಬೆಲೆ ಇಳಿಸಿ ಹೇಳಿದ್ದಾರೆ, ನಿಜವಾದ ಬೆಲೆ ನಾಶಿಕಕ್ಕಿಂತ ಅಂಥ ಕಡಿಮೆಯೇನಿಲ್ಲ, ನೀರಿನ ಖರ್ಚು ಹಿಡಿದರೆ ಸರಿಸಮವೇ ಆಗುತ್ತದೆ ಎಂದೆ.

ಅಭಿಜಿತ್ ಸಾಹೇಬರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

"ನನಗೆ ಗೊತ್ತು, ವೈಜನಾಥ್‌ಜಿ. ಏಜೆನ್ಸಿಯ ಸಮೀಕ್ಷೆ ನನ್ನ ಹತ್ತಿರ ಏಪ್ರಿಲ್‌ನಲ್ಲೇ ಇತ್ತು. ನೂರಕ್ಕೆ ನಾಲ್ಕು ವ್ಯತ್ಯಾಸ. ಅದರಿಂದ ಏನೂ ಮಾಡುವ ಹಾಗಿರಲಿಲ್ಲ. ನಿಮಗೆ ಅಲ್ಲಿ ನಿಮ್ಮವರಿದ್ದಾರೆ, ನೀವು ಚೌಕಾಸಿ ಮಾಡುವವರು, ಒಳ್ಳೆಯ ಅಂಕಿ ತರುತ್ತೀರಿ ಎಂದೇ ಕಳಿಸಿದ್ದು. ನೀವು ಪ್ರಾಮಾಣಿಕರು ಅಂತ ಎಲ್ಲರಿಗೂ ಗೊತ್ತಿದೆ. ಅದು ಮುಖ್ಯ."

ಕಾಫಿ ತರಿಸಿದರು. ನಾನು ಕುಡಿದೆ. ಇದನ್ನು ಯಾಕೆ ಬರೆಯುತ್ತಿದ್ದೇನೋ, ಆದರೆ ಕುಡಿದೆ.

೩೦ ಸೆಪ್ಟೆಂಬರ್

ಮಹಿಬೂಬ ಲೆಕ್ಕ ಚುಕ್ತಾ ಮಾಡಿಕೊಂಡ. ಇವತ್ತು ಕಡೆಯ ದಿನ. ಭಾವಮೈದುನನ ಜೀಪು ಹಿಡಿದು ತ್ರ್ಯಂಬಕೇಶ್ವರಕ್ಕೆ ಸೀಟಿನ ಲೆಕ್ಕದಲ್ಲಿ ಮಂದಿ ತುಂಬಿಕೊಂಡು ಶೇರ್ ಸವಾರಿ ಹೊಡೆಯುತ್ತಾನಂತೆ. ಕಾರ್ಖಾನೆಯ ಕೆಲಸ ಮಾಡಿದ ಬೆನ್ನು ಜೀಪಿನಲ್ಲಿ ಎಷ್ಟು ದಿನ ತಡೆದೀತೋ. ಇನ್ನೂ ಹನ್ನೊಂದು ಮಂದಿ ಅವನ ಜೊತೆ ಬಿಟ್ಟರು. ಅವರ ಲೆಕ್ಕ ಟೈಪ್ ಮಾಡಿದ್ದೂ ನಾನೇ.

ಸುಶೀಲಾ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟಿದ್ದಳು, ಮಹಿಬೂಬಣ್ಣನಿಗೆ ಕೊಡಿ ಎಂದು. ಅವನ ಮನೆಗೂ ನಮ್ಮ ಮನೆಗೂ ಈ ಡಬ್ಬಿ ಓಡಾಡದ ಹಬ್ಬವಿಲ್ಲ. ಎಳ್ಳಾಮಾಸಿಗೆ ನಮ್ಮ ಕಾಳು-ಸೊಪ್ಪಿನ ಭಜ್ಜಿ ಹೋದರೆ ಈದಿಗೆ ಅವರ ಶೀರ್‌ಖುರ್ಮಾ ಬರುತ್ತಿತ್ತು. ಅವನು ಹೋಳಿಗೆಯನ್ನು ಪ್ಯಾಕಿಂಗಿನ ಹುಡುಗರಿಗೆ ಹಂಚಿಬಿಟ್ಟು, ಡಬ್ಬಿ ತೊಳೆದು, ಒರೆಸಿ ತಂದುಕೊಟ್ಟ.

"ನಡ್ರಿ ಸಾಹೇಬ್ರ. ಆರಾಮ ಇರ್ರಿ."

ಮನೆಯಲ್ಲಿ ಸುಶೀಲಾ ಮುಚ್ಚಳ ತೆಗೆದು ನೋಡಿದಳು. ಡಬ್ಬಿಯನ್ನು ಖಾಲಿ ಮರಳಿಸುವ ಪದ್ಧತಿ ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ.

"ಖಾಲಿ ಕೊಟ್ಟಾನೇನ್ರಿ ಮಹಿಬೂಬಣ್ಣ?"

"ಖಾರಾ ಅವಲಕ್ಕಿ ಇತ್ತು. ಬಸ್ಸಿನ್ಯಾಗ ನಾನೇ ತಿಂದೆ" ಎಂದೆ.

೬ ಅಕ್ಟೋಬರ್

ಇನ್ನೊಂದು ನೋಟಿಸು. ಅಕೌಂಟ್ಸ್ ವಿಭಾಗವೂ ಶೇಂದ್ರಾಕ್ಕೆ ಹೋಗುತ್ತದೆ. ಭತ್ಯೆ ಎಲ್ಲರಿಗೂ ಒಂದೇ ಪ್ರಕಾರ. ಆಧಾರ, ಅದೇ ಸಮೀಕ್ಷೆ.

ಇವರ ಕಂಪನಿಗೆ ಬೆಂಕಿ ಬೀಳಲಿ.

೨೩ ನವೆಂಬರ್, ಸಂಭಾಜಿನಗರ

ಬಂದು ಮೂರು ವಾರವಾಯಿತು. ಇರುವುದು ಉದಗೀರದವರ ಅದೇ ಮನೆಯಲ್ಲಿ. ಬಾಡಿಗೆ ಹತ್ತೂವರೆ. ಏಳು ಎಂದಿದ್ದಿರಲ್ಲ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ನಳಕ್ಕೆ ನೀರು ಬಂದ ದಿನ ಸುಶೀಲಾ ಹಬ್ಬ ಬಂದ ಹಾಗೆ ಪಾತ್ರೆ ಎಲ್ಲ ಹೊರಗೆ ತೆಗೆದು ತುಂಬಿಸುತ್ತಾಳೆ. ಉಳಿದ ದಿನ ಟ್ಯಾಂಕರಿಗೆ ಪಕ್ಕದ ಮನೆಯವರ ಜೊತೆ ಪಾಲು. ಆದರೂ ತಮ್ಮ ಹತ್ತಿರವಿದ್ದಾನೆ ಎಂದು ಅವಳ ಮುಖದಲ್ಲಿ ಕಳೆ ಇದೆ. ಇರಲಿ, ಒಬ್ಬರಿಗಾದರೂ.

೭ ಡಿಸೆಂಬರ್

ಅಮರನ ಅಂಗಡಿಯಿಂದ ತಿಂಗಳ ಸಾಮಾನು ತಂದೆ. ಹೋದ ತಿಂಗಳು ಅವನು ಜೋಳಕ್ಕೆ, ಎಣ್ಣೆಗೆ ಇಳಿಸಿ ಹಾಕಿದ್ದ. ಈ ಸಲ ಎಲ್ಲರ ರೇಟು. ಚೀಟಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ನಾನೇ ಕೇಳಿದೆ, ಕೇಳಬಾರದಿತ್ತು.

"ಭಾವಾರ, ತಪ್ಪು ತಿಳ್ಕೋಬ್ಯಾಡ್ರಿ" ಎಂದ, ತಕ್ಕಡಿಯ ತಟ್ಟೆ ಒರೆಸುತ್ತ. "ಅಳಿಯಂದ್ರು ವರ್ಷಕ್ಕ ಒಮ್ಮೆ ಬಂದ್ರ ತುಪ್ಪಾ ಸುರೀಬಹುದು. ದಿನಾ ಬರೋರಿಗೆ ಅದೇ ರೇಟ್ ಹಿಡಿದ್ರ ನಾ ಅಂಗಡಿಗಿ ಕೀಲಿ ಹಾಕ್ಬೇಕಾಗ್ತದರಿ. ನನಗೂ ಹೆಂಡ್ರು ಮಕ್ಕಳು ಅದಾರಲ್ರಿ."

"ಖರೇ ಅದಾ" ಅಂದೆ. ಖರೆಯೇ ಇತ್ತು. ಅಳಿಯ ಗಿರಾಕಿಯಾಗಿದ್ದ, ಅಷ್ಟೇ. ಸುಶೀಲಾಗೆ ಹೇಳಲಿಲ್ಲ.

೧೯ ಡಿಸೆಂಬರ್

ಎಳ್ಳಾಮಾಸಿ. ಭಜ್ಜಿ ಮಾಡಿದ್ದಳು, ಸಜ್ಜೆ ರೊಟ್ಟಿ. ಡಬ್ಬಿ ತೊಳೆದು ಕಟ್ಟೆಯ ಮೇಲೆ ಇಟ್ಟಿದ್ದಳು. ಯಾರಿಗೆ ಎಂದು ಕೇಳಿದೆ. "ರೂಢಿ" ಎಂದು ಒಳಗೆ ಇಟ್ಟಳು.

೧೪ ಜನವರಿ ೨೦೨೬, ಸಂಕ್ರಾಂತಿ

ಬೆಳಿಗ್ಗೆ ಸುಶೀಲಾಳ ಜೊತೆ ಬಜಾರಿಗೆ ಹೋಗಿದ್ದೆ. ಮೆಂತ್ಯೆ ಸೂಡಿಗೆ ಹದಿನೈದು ಅಂದಳು ಕಾಯಿಪಲ್ಯದವಳು. ಕೊಟ್ಟೆ. ದಾರಿಯಲ್ಲಿ ಸುಶೀಲಾ ಎರಡು ಸಲ ನನ್ನ ಮುಖ ನೋಡಿದಳು.

"ಯಾಕ್ರಿ, ಆರಾಮ ಇದ್ದೀರಿಲ್ಲೋ? ಆಕಿ ಅಂದದ್ದು ಕೊಟ್ಟು ಬಂದ್ರಿ."

"ಆಕೀಗೂ ಹಬ್ಬ ಅದಾ" ಎಂದೆ. ಇದರಲ್ಲಿ ಕೇಳುವಂಥದ್ದು ಏನಿತ್ತೋ.

ಕಂಪನಿಗೆ ರಜೆಯಿಲ್ಲ. ಹತ್ತು ಗಂಟೆಗೆ ಗೇಟಿನ ಹೊರಗಿನ ಚಹಾದ ಗಾಡಿಯ ಹತ್ತಿರ ನಿಂತು ಮಹಿಬೂಬನಿಗೆ ಫೋನ್ ಹಚ್ಚಿದೆ. ಹಬ್ಬವಲ್ಲವೇ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುತ್ತಾರಲ್ಲ. ಎತ್ತುವುದಿಲ್ಲ ಅಂದುಕೊಂಡಿದ್ದೆ, ಎತ್ತಿದ. ಮಗಳು ಹೇಗಿದ್ದಾಳೆ ಅಂದೆ. ಓದು ಒಂದು ವರ್ಷ ನಿಲ್ಲಿಸಿದ್ದೇವೆ ಅಂದ. ಬೆನ್ನು ಹೇಗಿದೆ ಅಂದೆ. ಅದಾ ಅಂದ.

"ಮಹಿಬೂಬಾ, ಮೆಂತ್ಯೆ ಎಷ್ಟಕ್ ತಂದಿ ಇವತ್ತ?" ಎಂದು ಕೇಳಿಬಿಟ್ಟೆ.

ಅವನು ಜೀಪಿನ ಎಂಜಿನ್ ಆರಿಸಿದ್ದು ಕೇಳಿಸಿತು.

"ನೀವು ಎಷ್ಟಕ್ ತಂದ್ರಿ?"

"ಹದಿನೈದು."

"ಯಾರ ರೇಟ್ರಿ ಅದು?"

"ನಂದೇ. ಪೂರಾ ಕೊಟ್ಟು ತಂದೀನಿ."

"ಇಲ್ಲಿ ಎಂಟು ಅದರಿ" ಎಂದ. "ಸೋತ್ರಿ ಸಾಹೇಬ್ರ."

ನಗಲಿಲ್ಲ ಅವನು. ಹಾಗಾದರೆ ನಿನ್ನದೊಂದು ಚಹಾ ನನ್ನ ಮೇಲೆ ಇದೆ ಎಂದೆ. "ಸವಾರಿ ಬಂದ್ವು, ಇಡ್ತೀನ್ರಿ" ಎಂದ. ತ್ರ್ಯಂಬಕ, ತ್ರ್ಯಂಬಕ ಎಂದು ಅವನು ಕೂಗುವುದು ಕೇಳಿಸಿತು, ಆಮೇಲೆ ಫೋನ್ ಕಟ್ಟಾಯಿತು.

ಗಾಡಿಯವನಿಗೆ ಎರಡು ಚಹಾ ಎಂದೆ. ಒಂದು ಕುಡಿದೆ. ಇನ್ನೊಂದು ಕಟ್ಟೆಯ ಮೇಲೆ ಹಾಗೇ ಇತ್ತು. ನೋಟು ಕೊಟ್ಟೆ, ಅವನು ತಿರುಗಿ ಎಷ್ಟು ಚಿಲ್ಲರೆ ಕೊಟ್ಟ ಅಂತ ನೋಡಲಿಲ್ಲ.